ಕಂಪ್ಯೂಟರ್ ಬಿಸಿಯಾಗಿ ನಿಂತುಹೋದರೆ: ದುಡ್ಡು ಕೊಡುವ ಮುಂಚೆ ಅಳೆದು ನೋಡಿ



ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಎಷ್ಟೋ ಮನೆಗಳಿಗೆ ಈಗ ಕಂಪ್ಯೂಟರ್ ಬಂದಿದೆ. ಕಾಲೇಜಿಗೆ ಹೋಗುವ ಮಗನೋ ಮಗಳೋ ಓದಿಗೆ ಬೇಕು ಎಂದು ಕೇಳುತ್ತಾರೆ. ಅಪ್ಪ ಅಮ್ಮ ಅರಿಶಿನ ಮಾರಿದ ದುಡ್ಡನ್ನೋ, ಸಂಘದ ಸಾಲವನ್ನೋ ತೆಗೆದು ಕೊಡುತ್ತಾರೆ. ಓದಿನ ಜೊತೆಗೆ ಗೇಮ್ ಕೂಡ ನಡೆಯುತ್ತದೆ. ಅದಕ್ಕೆಂದು ಒಂದು ಗ್ರಾಫಿಕ್ಸ್ ಕಾರ್ಡೂ ಒಳಗೆ ಸೇರಿಕೊಳ್ಳುತ್ತದೆ. ಮಾರ್ಚ್ ತಿಂಗಳು ಬಂತೆಂದರೆ ತೊಂದರೆ ಶುರು. ಆಟದ ಮಧ್ಯೆ ಫ್ಯಾನ್ ಭರ್ರೆಂದು ಕೂಗುತ್ತದೆ, ಚಿತ್ರ ತಡವರಿಸುತ್ತದೆ, ಆಮೇಲೆ ಕಂಪ್ಯೂಟರ್ ತಾನಾಗಿಯೇ ಆಫ್.

ಆಗ ಮನೆಯಲ್ಲಿ ಮೂರು ಮಾತು ಕೇಳಿಬರುತ್ತದೆ. ತಾಯಿ, "ಹಗಲು ರಾತ್ರಿ ಆಡಿ ಆಡಿ ಸುಟ್ಟಾಕ್ಬುಟ್ಟ" ಅನ್ನುತ್ತಾರೆ. ಮಗ, "ಇದು ಡಬ್ಬಾ ಕಂಪ್ಯೂಟರ್ ಕಣಮ್ಮ, ಹೊಸದು ಬೇಕು" ಅನ್ನುತ್ತಾನೆ. ರಿಪೇರಿಗೆ ಕೊಟ್ಟರೆ ಕೆಲವರು ಸರಿಯಾಗಿ ನೋಡುವ ಮುಂಚೆಯೇ "ಬೋರ್ಡ್ ಹೋಗದೆ" ಅನ್ನುತ್ತಾರೆ. ಮೂವರಲ್ಲಿ ಒಬ್ಬರೂ ಅಳೆದು ನೋಡಿರುವುದಿಲ್ಲ. ಅಳೆಯದೆ ಆಡಿದ ಮಾತಿಗೆ ಮನೆಯಲ್ಲಿ ಜಗಳ, ಅಂಗಡಿಯಲ್ಲಿ ಸಾವಿರಾರು ರೂಪಾಯಿ ಖರ್ಚು. ಆದರೆ ಇಂಥ ತೊಂದರೆಗಳಲ್ಲಿ ಹೆಚ್ಚಿನವು ಧೂಳು ತೆಗೆಯುವುದರಿಂದಲೋ, ಕೆಲವು ನೂರು ರೂಪಾಯಿಯ ಪೇಸ್ಟು, ಫ್ಯಾನಿನಿಂದಲೋ ಸರಿಹೋಗುವಂಥವು. ಅದನ್ನು ಮನೆಯಲ್ಲೇ ಕಂಡುಹಿಡಿಯುವುದು ಹೇಗೆಂದು ಈ ಪಾಠದಲ್ಲಿ ತಿಳಿದುಕೊಳ್ಳೋಣ.

ಶಾಖ ಹೊರಗೆ ಹೋಗುವ ನಾಲ್ಕು ಬಾಗಿಲು

ಕಂಪ್ಯೂಟರ್ ಎಳೆದುಕೊಳ್ಳುವ ಕರೆಂಟ್ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ಬರೀ ಟೈಪ್ ಮಾಡುವಾಗ 50-60 ವಾಟ್ ಎಳೆಯುವ ಯಂತ್ರ, ಗ್ರಾಫಿಕ್ಸ್ ಕಾರ್ಡ್ ಹಾಕಿ ದೊಡ್ಡ ಗೇಮ್ ಆಡುವಾಗ 300 ವಾಟ್ ಎಳೆಯಬಹುದು. ಹಳೆಯ ಕಾಲದ 60 ವಾಟಿನ ಐದು ಬಲ್ಬುಗಳನ್ನು ಒಂದು ತಗಡಿನ ಡಬ್ಬದೊಳಗೆ ಉರಿಸಿದರೆ ಹೇಗೋ ಹಾಗೆ. ದಿನಕ್ಕೆ 4 ಗಂಟೆ ಆಡಿದರೆ 1.2 ಯೂನಿಟ್, ತಿಂಗಳಿಗೆ 36 ಯೂನಿಟ್ ಆಯಿತು. ಅಷ್ಟು ಶಾಖವೂ ನಿಮ್ಮ ಕೋಣೆಗೇ ಬರುತ್ತದೆ.

ಈ ಶಾಖ ಹೊರಗೆ ಹೋಗಲು ನಾಲ್ಕು ಬಾಗಿಲು ದಾಟಬೇಕು.

ಒಂದನೆಯ ಬಾಗಿಲು: ಪ್ರೊಸೆಸರ್ ಚಿಪ್ಪಿನಿಂದ ಅದರ ಮೇಲೆ ಕೂತಿರುವ ಲೋಹದ ಹೀಟ್ ಸಿಂಕ್‌ಗೆ. ಇವೆರಡರ ನಡುವಿನ ಸಣ್ಣ ಸಣ್ಣ ಸಂದು ಮುಚ್ಚಲು ಥರ್ಮಲ್ ಪೇಸ್ಟ್ ಹಚ್ಚಿರುತ್ತಾರೆ.

ಎರಡನೆಯ ಬಾಗಿಲು: ಹೀಟ್ ಸಿಂಕ್‌ನ ತೆಳು ತಗಡುಗಳಿಂದ ಗಾಳಿಗೆ. ಈ ಕೆಲಸ ಅದರ ಮೇಲಿನ ಫ್ಯಾನಿನದು.

ಮೂರನೆಯ ಬಾಗಿಲು: ಡಬ್ಬದೊಳಗಿನ ಬಿಸಿ ಗಾಳಿ ಡಬ್ಬದಿಂದ ಹೊರಗೆ. ನಾವು ವಾಡಿಕೆಯಲ್ಲಿ "ಸಿಪಿಯು" ಅನ್ನುವ ಇಡೀ ಡಬ್ಬದ ಹೆಸರು ಕ್ಯಾಬಿನೆಟ್. ಅದರ ಹಿಂದೆ ಮುಂದೆ ಇರುವ ಫ್ಯಾನುಗಳು ಈ ಕೆಲಸಕ್ಕೆ.

ನಾಲ್ಕನೆಯ ಬಾಗಿಲು: ಕೋಣೆಯಿಂದ ಬಯಲಿಗೆ.

ಒಲೆಯ ಹೊಗೆಯನ್ನು ನೆನೆಸಿಕೊಳ್ಳಿ. ಅಡುಗೆಮನೆಯಲ್ಲಿ ಹೊಗೆ ತುಂಬಿದರೆ ನಾವು ಒಲೆ ಒಡೆದುಹಾಕುವುದಿಲ್ಲ. ಗವಾಕ್ಷಿ ಮುಚ್ಚಿಕೊಂಡಿದೆಯಾ, ಕಿಟಕಿ ಹಾಕಿದೆಯಾ ಎಂದು ನೋಡುತ್ತೇವೆ. ಇಲ್ಲಿಯೂ ಹಾಗೇ. ಯಾವ ಬಾಗಿಲು ಮುಚ್ಚಿದೆ ಎಂದು ತಿಳಿದರೆ ಅದೊಂದನ್ನೇ ತೆರೆದರೆ ಸಾಕು.

ಇದು ಬಡವರ ಕಂಪ್ಯೂಟರಿಗೆ ಮಾತ್ರ ಬರುವ ಕಷ್ಟ ಅಂದುಕೊಳ್ಳಬೇಡಿ. ಇಂಟೆಲ್ ಎಂಬ ದೊಡ್ಡ ಕಂಪನಿಯ ಪೆಂಟಿಯಂ 4 ಪ್ರೊಸೆಸರುಗಳು ವೇಗ ಹೆಚ್ಚಿದಂತೆ ವಿಪರೀತ ಬಿಸಿಯಾಗತೊಡಗಿದವು. ಅದರ ಮುಂದಿನ ಮಾದರಿಯ ಕೆಲಸವನ್ನೇ ಕಂಪನಿ 2004ರಲ್ಲಿ ಕೈಬಿಟ್ಟು, ಒಂದೇ ಚಿಪ್ಪಿನಲ್ಲಿ ಎರಡು ಕೋರ್ ಇಡುವ ದಾರಿ ಹಿಡಿಯಿತು. ಶಾಖದ ಮುಂದೆ ಎಲ್ಲರೂ ಲೆಕ್ಕ ಹಾಕಲೇಬೇಕು.

ತಾನಾಗಿ ಆಫ್ ಆಗುವುದು ಯಾಕೆ?

ಪ್ರೊಸೆಸರ್ ಒಳಗೆ ಶಾಖ ಅಳೆಯುವ ವ್ಯವಸ್ಥೆ ಇದೆ. ಮಾದರಿಗೆ ತಕ್ಕಂತೆ ಸುಮಾರು 90ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಗೇಮ್ ತಡವರಿಸುವುದು ಆಗಲೇ. ಆದರೂ ಶಾಖ ಏರುತ್ತಲೇ ಹೋದರೆ ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ಪೂರ್ತಿ ಆಫ್ ಆಗುತ್ತದೆ. ಅಂದರೆ ಆಫ್ ಆಗಿದೆ ಎಂದ ಮಾತ್ರಕ್ಕೆ ಸುಟ್ಟುಹೋಗಿದೆ ಎಂದಲ್ಲ, ಸುಡದಂತೆ ತಡೆದುಕೊಂಡಿದೆ ಎಂದರ್ಥ. ಹಾಗಂತ ಉದಾಸೀನ ಮಾಡುವುದೂ ಸರಿಯಲ್ಲ. ತಿಂಗಳುಗಟ್ಟಲೆ ಅತಿ ಬಿಸಿಯಲ್ಲಿ ದುಡಿಸಿದರೆ ಫ್ಯಾನು, ಮದರ್‌ಬೋರ್ಡಿನ ಕೆಪಾಸಿಟರುಗಳು ಬೇಗ ಸವೆಯುತ್ತವೆ. ಕೆಲಸದ ಮಧ್ಯೆ ಆಫ್ ಆದರೆ ಬರೆದಿಟ್ಟ ಪ್ರಾಜೆಕ್ಟು, ಫೋಟೋ ಹಾಳಾಗಬಹುದು.

ಬಿಸಿಯೋ, ಕರೆಂಟಿನ ತೊಂದರೆಯೋ?

ನಮ್ಮ ಹಳ್ಳಿಗಳಲ್ಲಿ ವೋಲ್ಟೇಜ್ ಏರಿಳಿತವೂ ಇದೆ. ಹಾಗಾಗಿ ಮೊದಲು ಇವೆರಡನ್ನು ಬೇರೆ ಮಾಡಬೇಕು.

ಗೇಮ್ ಶುರುವಾಗಿ 10-20 ನಿಮಿಷದ ಮೇಲೆ ಆಫ್ ಆಗುತ್ತದೆ, ಕೂಡಲೇ ಆನ್ ಮಾಡಿದರೆ ಇನ್ನೂ ಬೇಗ ಆಫ್ ಆಗುತ್ತದೆ, ಅರ್ಧ ಗಂಟೆ ಬಿಟ್ಟು ಹಾಕಿದರೆ ಸ್ವಲ್ಪ ಹೊತ್ತು ಚೆನ್ನಾಗಿ ನಡೆಯುತ್ತದೆ ಎಂದಾದರೆ ಬಹುಶಃ ಶಾಖದ ತೊಂದರೆ.

ಗೇಮ್ ತೆರೆದ ಕ್ಷಣದಲ್ಲೇ ಆಫ್, ಅಥವಾ ಸುಮ್ಮನೆ ಇದ್ದಾಗಲೂ ಯಾವಾಗೆಂದರೆ ಆವಾಗ ಆಫ್ ಆಗುವುದಾದರೆ ಎಸ್.ಎಂ.ಪಿ.ಎಸ್., ಪ್ಲಗ್ ಅಥವಾ ಕರೆಂಟಿನ ಕಡೆ ನೋಡಿ. ಕರೆಂಟ್ ಹೋದಾಗ ಯು.ಪಿ.ಎಸ್. ಇದ್ದೂ ಆಫ್ ಆಗುತ್ತದೆ ಎನ್ನುವವರು ಇದ್ದಾರೆ. 600 ವಿ.ಎ. ಎಂದು ಬರೆದ ಯು.ಪಿ.ಎಸ್. ಸಾಮಾನ್ಯವಾಗಿ 360 ವಾಟ್ ಮಾತ್ರ ಹೊರುತ್ತದೆ. ಗೇಮ್ ಆಡುವ ಯಂತ್ರ ಮತ್ತು ಮಾನಿಟರ್ ಸೇರಿದರೆ ಅದಕ್ಕೆ ಭಾರವಾಗಬಹುದು.

ಅಳೆಯುವ ವಿಧಾನ

ಬೇಕಾದದ್ದು ಎರಡೇ: ಕೋಣೆಯ ಶಾಖ ತೋರಿಸುವ ಒಂದು ಸಾಧಾರಣ ಥರ್ಮಾಮೀಟರ್ ಮತ್ತು ಒಂದು ನೋಟ್ ಬುಕ್. ಚಿಪ್ಪಿನ ಶಾಖ ನೋಡಲು ಎಚ್‌ಡಬ್ಲ್ಯುಇನ್ಫೋ, ಕೋರ್ ಟೆಂಪ್ ಎಂಬ ಉಚಿತ ಸಾಫ್ಟ್‌ವೇರ್ ಇವೆ. ವಿಂಡೋಸ್ 10 ಮತ್ತು 11ರ ಟಾಸ್ಕ್ ಮ್ಯಾನೇಜರಿನಲ್ಲಿ ಗ್ರಾಫಿಕ್ಸ್ ಕಾರ್ಡಿನ ಶಾಖ ಕಾಣುತ್ತದೆ, ಪ್ರೊಸೆಸರಿನದು ಕಾಣುವುದಿಲ್ಲ. ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್ ಒಳಗೆ ಹೋದರೂ ಪ್ರೊಸೆಸರ್ ಶಾಖ ಸಿಗುತ್ತದೆ. ಆದರೆ ಅದು ಆಟವಾಡದ ಹೊತ್ತಿನ ಶಾಖ.

ಒಂದೇ ಗೇಮ್ ಅನ್ನು 20 ನಿಮಿಷ ಆಡಿ, ಆಗ ಕಂಡ ಅತಿ ಹೆಚ್ಚು ಶಾಖ ಬರೆದುಕೊಳ್ಳಿ. ಪಕ್ಕದಲ್ಲಿ ಕೋಣೆಯ ಶಾಖ ಬರೆಯಿರಿ. ಈಗ ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಈ ವ್ಯತ್ಯಾಸವೇ ಮುಖ್ಯ.

ಯಾಕೆಂದರೆ ಫ್ಯಾನ್ ಎಷ್ಟೇ ತಿರುಗಲಿ, ಚಿಪ್ಪನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಕೋಣೆ 10 ಡಿಗ್ರಿ ಏರಿದರೆ ಚಿಪ್ಪೂ ಹತ್ತಿರ ಹತ್ತಿರ 10 ಡಿಗ್ರಿ ಏರುತ್ತದೆ. ಒಂದು ಉದಾಹರಣೆ ನೋಡೋಣ. ಜನವರಿಯಲ್ಲಿ ಕೋಣೆ 24, ಚಿಪ್ಪು 70. ವ್ಯತ್ಯಾಸ 46. ಏಪ್ರಿಲ್‌ನಲ್ಲಿ ಕೋಣೆ 36, ಚಿಪ್ಪು 82. ವ್ಯತ್ಯಾಸ ಆಗಲೂ 46. ಈ ಯಂತ್ರದಲ್ಲಿ ಏನೂ ಕೆಟ್ಟಿಲ್ಲ, ಬೇಸಿಗೆ ಬಂದಿದೆ ಅಷ್ಟೇ. ನಾಲ್ಕನೆಯ ಬಾಗಿಲು, ಅಂದರೆ ಕೋಣೆಯನ್ನು ನೋಡಿಕೊಂಡರೆ ಸಾಕು. ಅದೇ ಏಪ್ರಿಲ್‌ನಲ್ಲಿ ಚಿಪ್ಪು 98 ತೋರಿಸಿದರೆ ವ್ಯತ್ಯಾಸ 62 ಆಯಿತು. ಆಗ ಒಳಗಿನ ಯಾವುದೋ ಬಾಗಿಲು ಮುಚ್ಚಿಕೊಂಡಿದೆ ಎಂದು ತಿಳಿಯಬೇಕು.

ಯಾವ ಬಾಗಿಲು? ಟೇಬಲ್ ಫ್ಯಾನ್ ಹೇಳುತ್ತದೆ

ಪ್ಲಗ್ ಕಿತ್ತು, ಡಬ್ಬದ ಪಕ್ಕದ ತಗಡನ್ನು ಬಿಚ್ಚಿಡಿ. ಆಮೇಲೆ ಆನ್ ಮಾಡಿ, ಎರಡು ಅಡಿ ದೂರದಿಂದ ಟೇಬಲ್ ಫ್ಯಾನ್ ಗಾಳಿ ಒಳಗೆ ಬೀಸುವಂತೆ ಇಟ್ಟು, ಅದೇ ಗೇಮ್ 20 ನಿಮಿಷ ಆಡಿ ಅಳೆಯಿರಿ. ಒಳಗೆ ಕೈ ಹಾಕಬೇಡಿ, ಚಿಕ್ಕ ಮಕ್ಕಳನ್ನು ಹತ್ತಿರ ಬಿಡಬೇಡಿ.

ಶಾಖ 10 ಡಿಗ್ರಿಯಷ್ಟು ಇಳಿದರೆ ಮೂರನೆಯ ಬಾಗಿಲಿನ ದೋಷ: ಡಬ್ಬಕ್ಕೆ ಗಾಳಿ ಸಾಲದು. ಒಂದೆರಡು ಡಿಗ್ರಿ ಮಾತ್ರ ಇಳಿದರೆ ದೋಷ ಒಂದನೆಯದು ಅಥವಾ ಎರಡನೆಯದು: ಪೇಸ್ಟ್ ಒಣಗಿದೆ, ಹೀಟ್ ಸಿಂಕ್ ಸಡಿಲವಾಗಿದೆ ಅಥವಾ ಧೂಳು ಕಟ್ಟಿದೆ. ಇನ್ನೊಂದು ಗುರುತು: ಚಿಪ್ಪು 95 ಡಿಗ್ರಿ ತೋರಿಸಿ ಆಫ್ ಆದ ಕೂಡಲೇ ಪ್ಲಗ್ ಕಿತ್ತು, ಹೀಟ್ ಸಿಂಕ್‌ನ ಅಂಚನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ಅದು ಬರೀ ಉಗುರುಬೆಚ್ಚಗೆ ಇದ್ದರೆ ಚಿಪ್ಪಿನ ಶಾಖ ಅದರವರೆಗೆ ಬರುತ್ತಲೇ ಇಲ್ಲ. ಅದು ಒಂದನೆಯ ಬಾಗಿಲು.

ಧೂಳು ತೆಗೆಯುವುದು

ಮೊದಲು ಮಾಡಬೇಕಾದ್ದು ಇದೇ, ಖರ್ಚೂ ಇಲ್ಲ. ನಮ್ಮ ಕಡೆ ಧೂಳಿಗೆ ಬರವಿಲ್ಲ. ಚಾಮರಾಜನಗರದ ಸುತ್ತ ಕರಿಕಲ್ಲು ಕ್ವಾರಿಗಳಿವೆ. ಗುಂಡ್ಲುಪೇಟೆ ಪಟ್ಟಣದಲ್ಲಿ ಕೇರಳಕ್ಕೂ ಊಟಿಗೂ ಹೋಗುವ ಹೆದ್ದಾರಿಗಳು ಕವಲೊಡೆಯುತ್ತವೆ. ರಸ್ತೆ ಬದಿಯ ಮನೆ, ಕಣದ ಪಕ್ಕದ ಮನೆ, ಒಲೆ ಹೊಗೆ ಬರುವ ಕೋಣೆ, ಇಲ್ಲೆಲ್ಲ ಮೂರು ತಿಂಗಳಿಗೊಮ್ಮೆಯಾದರೂ ಡಬ್ಬ ತೆರೆದು ನೋಡಬೇಕು. ಹಲ್ಲಿ, ಜಿರಳೆ, ಇರುವೆ ಗೂಡು ಸಿಕ್ಕರೂ ಆಶ್ಚರ್ಯವಿಲ್ಲ.

1. ಪ್ಲಗ್ ಕಿತ್ತು, ಪವರ್ ಬಟನ್ ಅನ್ನು ಐದು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಕರೆಂಟ್ ಹೋಗಲಿ.
2. ಡಬ್ಬವನ್ನು ಜಗಲಿಗೆ ತನ್ನಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.
3. ಒಳಗೆ ಮುಟ್ಟುವ ಮುಂಚೆ ಡಬ್ಬದ ಬಣ್ಣವಿಲ್ಲದ ಲೋಹ ಮುಟ್ಟಿ. ನಮ್ಮ ಮೈಯ ಸ್ಥಿರ ವಿದ್ಯುತ್ ಚಿಪ್ಪಿಗೆ ಹರಿಯಬಾರದು.
4. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು, ಮೆತ್ತನೆ ಬ್ರಷ್ಷಿನಿಂದ ಧೂಳು ಸಡಿಲಿಸಿ, ಒಂದಡಿ ದೂರದಿಂದ ಬ್ಲೋವರ್ ಹಿಡಿಯಿರಿ. ಹಿಡಿದುಕೊಳ್ಳದಿದ್ದರೆ ಫ್ಯಾನ್ ಅತಿ ವೇಗವಾಗಿ ಸುತ್ತಿ ಬೇರಿಂಗ್ ಹಾಳಾಗಬಹುದು.
5. ಹೀಟ್ ಸಿಂಕ್ ತಗಡುಗಳ ಸಂದಿಯನ್ನು ಟಾರ್ಚ್ ಹಾಕಿ ನೋಡಿ. ಫ್ಯಾನಿನ ಕೆಳಗೆ ಕಂಬಳಿಯ ಹಾಗೆ ಧೂಳು ಕೂತಿರುತ್ತದೆ. ಮೇಲಿನಿಂದ ನೋಡಿದರೆ ಅದು ಕಾಣಿಸದು.
6. ಎಸ್.ಎಂ.ಪಿ.ಎಸ್. ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ ಜೀವಕ್ಕೆ ಅಪಾಯವಾಗುವಷ್ಟು ಕರೆಂಟ್ ಉಳಿದಿರಬಹುದು. ಹೊರಗಿನಿಂದ ಊದಿದರೆ ಸಾಕು.

ಪೇಸ್ಟು ಮತ್ತು ಪಿನ್ನು

ಧೂಳು ತೆಗೆದ ಮೇಲೂ ವ್ಯತ್ಯಾಸ ಇಳಿಯದಿದ್ದರೆ ಹೀಟ್ ಸಿಂಕ್ ಅಲುಗಾಡಿಸಿ ನೋಡಿ. ಇಂಟೆಲ್ ಪ್ರೊಸೆಸರ್ ಜೊತೆ ಬರುವ ಸಾಮಾನ್ಯ ಫ್ಯಾನಿಗೆ ನಾಲ್ಕು ಪ್ಲಾಸ್ಟಿಕ್ ಪಿನ್ ಇರುತ್ತವೆ. ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಬಸ್ಸಿನಲ್ಲಿ ಕುಲುಕಿಕೊಂಡು ಬಂದ ಡಬ್ಬದಲ್ಲಿ ಒಂದು ಪಿನ್ ಸಡಿಲವಾಗಿದ್ದರೂ ಹೀಟ್ ಸಿಂಕ್ ಒಂದು ಕಡೆ ಎದ್ದು ನಿಲ್ಲುತ್ತದೆ, ಶಾಖ ದಾಟುವುದಿಲ್ಲ. ನಾಲ್ಕನ್ನೂ "ಟಕ್" ಎನ್ನುವವರೆಗೆ, ಎದುರುಬದುರಾಗಿ ಒತ್ತಿ ಕೂರಿಸಬೇಕು.

ಪೇಸ್ಟ್ ಕೆಲವು ವರ್ಷಕ್ಕೆ ಒಣಗಿ ಸುಣ್ಣದಂತಾಗುತ್ತದೆ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಎರಡೂ ಕಡೆ ಒರೆಸಿ, ಒಣಗಿದ ಮೇಲೆ ಚಿಪ್ಪಿನ ನಡುವೆ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು ಹೀಟ್ ಸಿಂಕ್ ನೇರವಾಗಿ ಕೂರಿಸಿ. ಹೆಚ್ಚು ಹಚ್ಚಿದರೆ ಹೆಚ್ಚು ತಂಪು ಎಂಬುದು ತಪ್ಪು. ಟೂತ್‌ಪೇಸ್ಟ್ ಹಚ್ಚುವವರ ಮಾತು ಕೇಳಬೇಡಿ, ಅದು ಕೆಲವು ದಿನದಲ್ಲೇ ಒಣಗಿಹೋಗುತ್ತದೆ. ಎ.ಎಂ.ಡಿ. ರೈಜೆನ್ ಕಂಪ್ಯೂಟರಾದರೆ ಒಂದು ಎಚ್ಚರಿಕೆ. ಎ.ಎಂ.4 ಮಾದರಿಗಳಲ್ಲಿ ಒಣಗಿದ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೇ ಹೀಟ್ ಸಿಂಕ್ ಜೊತೆ ಕಿತ್ತು ಬಂದು ಪಿನ್ನುಗಳು ಬಾಗುತ್ತವೆ. ಹತ್ತು ನಿಮಿಷ ಕೆಲಸ ಮಾಡಿಸಿ ಬೆಚ್ಚಗಾದ ಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಹೀಟ್ ಸಿಂಕ್ ಅನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸಿ ಬಿಡಿಸಿಕೊಂಡು ಎತ್ತಿ. ಕೈ ನಡುಗುವವರು ಇದನ್ನು ತಿಳಿದವರ ಹತ್ತಿರ ಮಾಡಿಸಿ, ಎದುರಿಗೆ ನಿಂತು ನೋಡಿ.

ಗಾಳಿಯ ದಾರಿ

ಮುಂದಿನಿಂದ ತಣ್ಣನೆ ಗಾಳಿ ಒಳಗೆ, ಹಿಂದಿನಿಂದ ಮತ್ತು ಮೇಲಿನಿಂದ ಬಿಸಿ ಗಾಳಿ ಹೊರಗೆ. ಇದು ನಿಯಮ. ಎಷ್ಟೋ ಡಬ್ಬಗಳಲ್ಲಿ ಫ್ಯಾನನ್ನೇ ಉಲ್ಟಾ ಹಾಕಿರುತ್ತಾರೆ. ಫ್ಯಾನಿನ ಯಾವ ಕಡೆ ಮೋಟಾರನ್ನು ಹಿಡಿದ ಕಡ್ಡಿಗಳಿವೆಯೋ ಆ ಕಡೆಗೆ ಗಾಳಿ ಹೊರಡುತ್ತದೆ. ತೆಳು ಕಾಗದದ ಚೂರು ಹಿಡಿದರೆ ಗೊತ್ತಾಗುತ್ತದೆ: ಹಿಂದೆ ಹಿಡಿದರೆ ಹಾರಬೇಕು, ಮುಂದೆ ಹಿಡಿದರೆ ಅಂಟಬೇಕು. ಮುಂದೆ ಪೂರ್ತಿ ಗಾಜು, ಬಣ್ಣದ ಲೈಟು ಇರುವ ಡಬ್ಬ ನೋಡಲು ಚೆಂದ, ಆದರೆ ಉಸಿರಾಡುವುದು ಕಷ್ಟ. ಜಾಲರಿ ಮುಖದ ಡಬ್ಬವೇ ನಮ್ಮ ಹವೆಗೆ ಒಳ್ಳೆಯದು. ಜಾಲರಿಯ ಮೇಲೆ ಸೊಳ್ಳೆ ಪರದೆಯ ಬಟ್ಟೆ ಕಟ್ಟಿ ವಾರಕ್ಕೊಮ್ಮೆ ಒದರಿದರೆ ಧೂಳು ಕಡಿಮೆ. ಒದರುವುದನ್ನು ಮರೆತರೆ ಆ ಬಟ್ಟೆಯೇ ಬಾಗಿಲು ಮುಚ್ಚುತ್ತದೆ.

ಕಂಪ್ಯೂಟರ್ ಟೇಬಲ್ಲಿನ ಗೂಡಿನೊಳಗೆ ಡಬ್ಬ ತುರುಕಬೇಡಿ. ಹಿಂದೆ ಗೋಡೆಯಿಂದ ಅರ್ಧ ಅಡಿಯಾದರೂ ಜಾಗ ಬಿಡಿ. ನೆಲದ ಧೂಳಿಗೆ ಸಿಗದಂತೆ ಮಣೆಯ ಮೇಲಿಡಿ. ಚಾಮರಾಜನಗರದ ಕಡೆ ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ದಾಟುವುದು ಸಾಮಾನ್ಯ. ಸುಮಾರು 800 ಮೀಟರ್ ಎತ್ತರದ ಗುಂಡ್ಲುಪೇಟೆಯಲ್ಲಿ ಬೆಳಗಿನ ಹೊತ್ತು ತಂಪಿದ್ದರೂ ಶೀಟಿನ ಮನೆಯೊಳಗೆ ಮಧ್ಯಾಹ್ನ ಬೇಯುವುದೇ. ಶೀಟಿನ ಮನೆಯವರು ಭಾರದ ಗೇಮನ್ನು ಬೆಳಗ್ಗೆ ಅಥವಾ ಸಂಜೆ ಮೇಲೆ, ಕಿಟಕಿ ತೆರೆದು ಆಡುವುದು ಜಾಣತನ. ನೀರು ಹಾಕುವ ಕೂಲರನ್ನು ನೇರವಾಗಿ ಡಬ್ಬದ ಕಡೆ ತಿರುಗಿಸಬೇಡಿ, ತೇವ ಒಳಗೆ ಸೇರುತ್ತದೆ.

ಖರ್ಚಿಲ್ಲದ ಎರಡು ಉಪಾಯ

ಮೊದಲನೆಯದು: ಹೆಚ್ಚಿನ ಸಾಧಾರಣ ಮಾನಿಟರುಗಳು ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುತ್ತವೆ. ಗೇಮ್ 150 ಚಿತ್ರ ಬರೆಯುತ್ತಿದ್ದರೆ ಉಳಿದ 90 ಚಿತ್ರ ಬರೀ ಶಾಖ. ಗೇಮಿನ ಸೆಟ್ಟಿಂಗ್‌ನಲ್ಲಿ ಫ್ರೇಮ್ ಮಿತಿಯನ್ನು 60ಕ್ಕೆ ಇಡಿ. ಎರಡನೆಯದು: ಗ್ರಾಫಿಕ್ಸ್ ಕಾರ್ಡಿನ ಪವರ್ ಮಿತಿಯನ್ನು ಎಂಎಸ್ಐ ಆಫ್ಟರ್‌ಬರ್ನರ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ 80ರಷ್ಟಕ್ಕೆ ಇಳಿಸಿದರೆ ವೇಗ ಸ್ವಲ್ಪವೇ ಕಡಿಮೆಯಾಗುತ್ತದೆ, ಶಾಖ ಚೆನ್ನಾಗಿ ಇಳಿಯುತ್ತದೆ. ಎಲ್ಲ ಕಾರ್ಡಿಗೂ ಈ ಅನುಕೂಲ ಇಲ್ಲ, ಇದ್ದರೆ ಬಳಸಿ. ಕರೆಂಟೂ ಉಳಿಯುತ್ತದೆ.

ಹಳೆಯದು ಕೊಳ್ಳುವವರಿಗೆ

ನಮ್ಮ ಮಕ್ಕಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಳ್ಳುತ್ತಾರೆ. ಕಂಪನಿಗಳು ಬಳಸಿ ಬಿಟ್ಟ ಚಿಕ್ಕ ಡಬ್ಬಗಳು ಆಫೀಸ್ ಕೆಲಸಕ್ಕೆ ಗಟ್ಟಿ. ಅವುಗಳ ಗಾಳಿ ವ್ಯವಸ್ಥೆ, ಎಸ್.ಎಂ.ಪಿ.ಎಸ್. ಎರಡೂ ಆಫೀಸ್ ಕೆಲಸಕ್ಕೆ ತಕ್ಕಷ್ಟೇ ಇರುತ್ತವೆ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಬಿಸಿಯಾಗದೆ ಇನ್ನೇನು? ಹಳೆಯ ಗ್ರಾಫಿಕ್ಸ್ ಕಾರ್ಡ್ ವಿಷಯದಲ್ಲೂ ಜಾಗ್ರತೆ. ಎಥೀರಿಯಂ ಎಂಬ ಡಿಜಿಟಲ್ ಹಣದ ಮೈನಿಂಗ್‌ಗೆ ಹಗಲು ರಾತ್ರಿ ದುಡಿಸಿದ ಕಾರ್ಡುಗಳು, 2022ರ ಸೆಪ್ಟೆಂಬರಿನಲ್ಲಿ ಆ ಮೈನಿಂಗ್ ನಿಂತ ಮೇಲೆ ಮಾರುಕಟ್ಟೆಗೆ ಬಂದವು. ಅಂಥವುಗಳಲ್ಲಿ ಫ್ಯಾನ್ ಸವೆದು, ಪೇಸ್ಟ್ ಒಣಗಿರಬಹುದು. ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ 20 ನಿಮಿಷ ಗೇಮ್ ಓಡಿಸಿ ಶಾಖ ತೋರಿಸಲು ಕೇಳಿ. ಕೇಳುವುದು ಗಿರಾಕಿಯ ಹಕ್ಕು.

ಮನೆಯವರು ಕೂತು ಮಾತಾಡುವಾಗ

ಖರ್ಚಿನ ಕ್ರಮ ಇದು: ಮೊದಲು ಅಳತೆ, ಆಮೇಲೆ ಧೂಳು, ಆಮೇಲೆ ಜಾಗ ಮತ್ತು ಸೆಟ್ಟಿಂಗ್, ಆಮೇಲೆ ಪೇಸ್ಟ್, ಆಮೇಲೆ ಒಂದು ಫ್ಯಾನ್. ಇಷ್ಟೆಲ್ಲ ಆದ ಮೇಲೂ ಸರಿಹೋಗದಿದ್ದರೆ ಮಾತ್ರ ಬೋರ್ಡಿನ ಮಾತು. ಸುಟ್ಟ ವಾಸನೆ, ಹೊಗೆ, ಉಬ್ಬಿದ ಕೆಪಾಸಿಟರ್ ಕಂಡರೆ ಮಾತ್ರ ಕ್ರಮ ಬಿಟ್ಟು, ಕೂಡಲೇ ಪ್ಲಗ್ ಕಿತ್ತು ತಿಳಿದವರಿಗೆ ತೋರಿಸಿ.

ತಾಯಂದಿರಿಗೆ ಒಂದು ಮಾತು. ಗೇಮ್ ಎಷ್ಟು ಹೊತ್ತು ಆಡಬೇಕು ಎಂಬುದು ಬೇರೆ ಪ್ರಶ್ನೆ, ಅದನ್ನು ಮಗನೊಡನೆ ಬೇರೆಯಾಗಿಯೇ ಮಾತಾಡಿ. ಕಂಪ್ಯೂಟರ್ ಬಿಸಿಯಾಯಿತು ಎಂಬುದನ್ನು ಅದಕ್ಕೆ ಸಾಕ್ಷಿ ಮಾಡಬೇಡಿ. ಮಕ್ಕಳಿಗೂ ಒಂದು ಮಾತು. ಹೊಸದು ಬೇಕು ಎಂದು ಕೇಳುವ ಮುಂಚೆ ನೋಟ್ ಬುಕ್ಕಿನಲ್ಲಿ ಬರೆದ ಅಳತೆ ತೋರಿಸಿ. ಸಾಲ ತೀರಿಸುವವರು ಅವರು, ಲೆಕ್ಕ ಕೇಳುವ ಹಕ್ಕು ಅವರಿಗಿದೆ.

ಸಭೆಯಲ್ಲಿ ಚರ್ಚಿಸಲು

1. ನಿಮ್ಮ ಮನೆಯ ಕಂಪ್ಯೂಟರ್ ಎಲ್ಲಿ ಇಟ್ಟಿದ್ದೀರಿ? ಅದರ ಹಿಂದೆ ಗಾಳಿಗೆ ಜಾಗ ಇದೆಯೇ?
2. ಕೊನೆಯ ಸಲ ಧೂಳು ತೆಗೆದದ್ದು ಯಾವಾಗ?
3. ರಿಪೇರಿಗೆ ಕೊಟ್ಟಾಗ ಯಾವ ಭಾಗ, ಯಾಕೆ ಬದಲಾಯಿಸಿದರು ಎಂದು ಕೇಳಿ, ಹಳೆಯ ಭಾಗವನ್ನು ವಾಪಸ್ ಪಡೆದಿದ್ದೀರಾ?
4. ಈ ಕೆಲಸ ತಿಳಿದ ಯುವಕ ಯುವತಿಯರು ನಿಮ್ಮ ಊರಿನಲ್ಲಿ ಯಾರಿದ್ದಾರೆ? ಇನ್ನಿಬ್ಬರಿಗೆ ಅವರು ಹೇಳಿಕೊಡಬಲ್ಲರೇ?